ಶರೀಫಜ್ಜನ ಪದಕ್ಕೆ 'ಒರಿಜಿನಲ್ ಟ್ಯೂನ್' ಎಲ್ಲಿಂದ ಬಂತು ಸ್ವಾಮಿ?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಇವತ್ತು ಬರೆಸುತ್ತಿರುವುದು ಸಿಟ್ಟು. ಸಿಟ್ಟಿನಲ್ಲಿ ಬರೆಯಬಾರದು ಅಂತ ತಿಳಿದವರು ಹೇಳ್ತಾರೆ, ಅದಕ್ಕೇ ಎರಡು ದಿನ ಕಾದೆ. ಇಳಿಯಲಿಲ್ಲ. ಇನ್ನು ನೀವುಂಟು, ಈ ಬರಹ ಉಂಟು :)

ಆಗಿದ್ದು ಇಷ್ಟೇ. ನಮ್ಮ ಹಳೇ ಕಾಲೇಜು ಗೆಳೆಯರದೊಂದು ವಾಟ್ಸಾಪ್ ಗುಂಪಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯವರೇ ಹೆಚ್ಚು. ಒಬ್ಬ ರಘು ದೀಕ್ಷಿತ್ ಹಾಡಿದ ಗುಡುಗುಡಿ ಪದದ ವಿಡಿಯೋ ಹಾಕಿದ. ಹತ್ತು ನಿಮಿಷ ಆಗಿರಲಿಲ್ಲ, ಶುರುವಾಯ್ತು. "ಶರೀಫಜ್ಜನ ಪದಾ ಕೆಡಿಸಿ ಇಟ್ಟಾನ ನೋಡ್ರಿ." "ಒರಿಜಿನಲ್ ಟ್ಯೂನ್ ಬೇಕಂದ್ರ ಅಶ್ವಥ್ ಅವರದ್ದು ಕೇಳ್ರಿ." ಅದಕ್ಕೆ ಪುಣೆಯಲ್ಲಿರುವ ಇನ್ನೊಬ್ಬನ ಉತ್ತರ: "ಲಂಡನ್ ಮಂದಿ ಎದ್ದು ಕುಣದಾರ. ನಿಮ್ಮಂಥಾ ಹಳ್ಳಿ ಮಂದಿಗೆ ಏನ್ ತಿಳೀಬೇಕು?" ಅಲ್ಲಿಂದ ಮುಂದೆ ಬರೀ ಬೈದಾಟ.

ಇದೇನು ಹೊಸ ಜಗಳವಲ್ಲ. 2008ರಲ್ಲಿ ಆ ಆಲ್ಬಂ ಬಂದಾಗಲೂ ಇದನ್ನೇ ಆಡಿದ್ದೆವು. ಇಷ್ಟು ವರ್ಷದಲ್ಲಿ ಕೂದಲು ಬೆಳ್ಳಗಾಗಿದೆ, ವಾದ ಮಾತ್ರ ಅಲ್ಲೇ ನಿಂತಿದೆ. ನನ್ನ ಮಾತು ಏನೆಂದರೆ, ಎರಡೂ ಗುಂಪಿನವರು ತಪ್ಪು. ಇವರಿಬ್ಬರ ಗದ್ದಲದಲ್ಲಿ ನಮ್ಮೂರುಗಳಲ್ಲಿ ನಿಜಕ್ಕೂ ಹಾಳಾಗುತ್ತಿರುವುದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಮೊದಲು ಆಲ್ಬಂ ವಿಷಯ, ಗೊತ್ತಿಲ್ಲದವರಿಗಾಗಿ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಭರತನಾಟ್ಯ ಕಲಿತವರು, ಓದಿದ್ದು ಮೈಕ್ರೋಬಯಾಲಜಿ. ಗಿಟಾರ್ ಹಿಡಿದದ್ದು ಆಮೇಲೆ. ಕಟ್ಟಿದ ತಂಡಕ್ಕೆ 'ಅಂತರಾಗ್ನಿ' ಅಂತ ಹೆಸರು. ಆಲ್ಬಂ ಮಾಡಿಕೊಡಿ ಅಂತ ವರ್ಷಗಟ್ಟಲೆ ಕಂಪನಿಗಳ ಬಾಗಿಲು ಬಡಿದರೂ ಯಾರೂ ಒಲ್ಲೆ ಅಂದರಂತೆ. ಕೊನೆಗೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರ ಜೋಡಿ ವಿಶಾಲ್-ಶೇಖರ್ ಮುಂಬೈಯಲ್ಲಿ ಇವರ ಹಾಡು ಕೇಳಿ, ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಕಡೆಯಿಂದ 2008ರಲ್ಲಿ ಆಲ್ಬಂ ತಂದರು. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಯ ಹಾಡುಗಳು ಒಂದೇ ಕಡೆ. ಕನ್ನಡದ್ದು ಯಾವುದು? ಸಿನಿಮಾ ಹಾಡಲ್ಲ, ಪ್ರೇಮಗೀತೆಯಲ್ಲ, ಶಿಶುನಾಳ ಶರೀಫರ ಎರಡು ಪದ. ಒಂದು ಗುಡುಗುಡಿ ಪದ, ಇನ್ನೊಂದು ಸೋರುವ ಮಾಳಿಗಿ ಪದ.

ಸ್ವಲ್ಪ ಯೋಚಿಸಿ. ಆಗಿನ ಕಾಲಕ್ಕೆ ಮುಂಬೈಯಿಂದ ಬರುವ ಪಾಪ್ ಆಲ್ಬಂ ಅಂದರೆ ಹಿಂದಿಯದ್ದು, ಇಲ್ಲಾ ಪಂಜಾಬಿಯದ್ದು. ಅಂಥದ್ದರೊಳಗೆ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಒಂದು ಹಳ್ಳಿಯ ಅಜ್ಜನ ಎರಡು ಪದ ಕೂತಿದ್ದವು. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲಿ ಮೊದಲ ಸಲ ಕೇಳಿದಾಗ ನನಗೆ ಏನನ್ನಿಸಿತು ಗೊತ್ತಾ? ಸಂತೋಷ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೂ ಸಿಟ್ಟೇ ಬಂದಿತ್ತು! "ಇದೇನಪ್ಪಾ, ಧಾಟಿನೇ ಬೇರೆ ಐತಲ್ಲ" ಅಂತ. ಹಾಗಾಗಿ ಇಲ್ಲಿ ಬೈಯುತ್ತಿರುವುದು ಬೇರೆಯವರನ್ನು ಮಾತ್ರ ಅಲ್ಲ, ಆವತ್ತಿನ ನನ್ನನ್ನೂ ಸೇರಿಸಿಕೊಂಡೇ.

ಊರಿಗೆ ಹೋದಾಗ ಈ ಸಿಟ್ಟನ್ನು ನಮ್ಮ ದೊಡ್ಡಜ್ಜನ ಮುಂದೆ ತೋಡಿಕೊಂಡೆ. ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಜ್ಜ ಭಜನಿ ಮೇಳದಾಗ ದಮ್ಮಡಿ ಬಡಿಯುವವ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಪೂರಾ ಪದ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. ಆಮೇಲೆ ಅಂದ:

"ಛಲೋ ಹಾಡ್ಯಾನ. ಯಾರ ಮಗಾ?"

"ಅಜ್ಜಾ, ಧಾಟಿ ತಪ್ಪಲ್ಲೇನು?"

"ಯಾವ ಧಾಟಿ?"

"ಅದs, ಕ್ಯಾಸೆಟ್ಟಿನ್ಯಾಗ ಇರೂದು."

ಅಜ್ಜ ನಕ್ಕುಬಿಟ್ಟ. "ತಮ್ಮಾ, ಆ ಕ್ಯಾಸೆಟ್ ಬಂದಾಗ ನಾವೂ ಹಿಂಗs ಅಂದಿದ್ವಿ. ಧಾಟಿನ ಬ್ಯಾರೆ ಐತಲ್ಲೋ ಅಂತ."

ಕಪಾಳಕ್ಕೆ ಹೊಡೆದ ಹಾಗಾಯ್ತು ನೋಡಿ.

ಹೌದಲ್ಲ! ನಾವು ಯಾವುದನ್ನು 'ಮೂಲ' ಅನ್ನುತ್ತೇವೋ ಅದು ಸಿ. ಅಶ್ವಥ್ ಅವರು ಮಾಡಿದ್ದು. ಕ್ಯಾಸೆಟ್ಟಿನ ಕಾಗದದ ಮೇಲೇ 'ಸಂಗೀತ: ಸಿ. ಅಶ್ವಥ್' ಅಂತ ಇರುತ್ತಿತ್ತು. ಸಂಗೀತ ಮಾಡುವುದು ಅಂದರೆ ಹೊಸದಾಗಿ ಕಟ್ಟುವುದು ತಾನೇ? ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಮಾಡಿದ ಮನುಷ್ಯ ಅವರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಹುಡುಕಿ, ಆರಿಸಿ, ಜನರ ಮುಂದೆ ಇಟ್ಟರು. ಅದಕ್ಕೇ ಅವರಿಗೆ 'ಶರೀಫ್ ಭಟ್ಟರು' ಅಂತಲೇ ಹೆಸರು ಬಿತ್ತು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವುಗಳನ್ನು ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದ್ದರು, ಸಂಗೀತ ಮತ್ತೆ ಅಶ್ವಥ್ ಅವರದ್ದೇ. ಅದಾದ ಮೇಲೆ ಶರೀಫರ ಪದ ಅಂದರೆ ಅಶ್ವಥ್ ಕಂಠ ಅನ್ನುವುದು ಪಕ್ಕಾ ಆಗಿಹೋಯ್ತು.

ತಪ್ಪು ತಿಳಿಯಬೇಡಿ. ಅಶ್ವಥ್ ಅವರ ಕಂಠಕ್ಕೆ ಮಾರುಹೋದವನೇ ನಾನು. ನಮ್ಮಪ್ಪ ಮೆಣಸಿನಕಾಯಿ ಸೀಸನ್ನಿನಲ್ಲಿ ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಒಂದು ಸಲ ರಾಣೇಬೆನ್ನೂರಿಗೆ ಹೋದವನು ಶರೀಫರ ಕ್ಯಾಸೆಟ್ ತಂದ. ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ದಿನಾ ಅದೇ. ಮೆಣಸಿನಕಾಯಿ ಘಾಟಿಗೆ ಹಮಾಲರು ಸೀನುವುದು, ಮೇಲೆ ಅಶ್ವಥ್ ಕೂಗಿ ಹಾಡುವುದು, ಎರಡೂ ಸೇರಿಯೇ ನನ್ನ ತಲೆಯಲ್ಲಿ ಉಳಿದಿವೆ. ಆ ಕ್ಯಾಸೆಟ್ ಇಲ್ಲದಿದ್ದರೆ ಹಾಸನದವರಿಗೆ, ಮಂಡ್ಯದವರಿಗೆ ಶರೀಫರು ಯಾರೆಂದೇ ತಿಳಿಯುತ್ತಿರಲಿಲ್ಲವೇನೋ. ಅಶ್ವಥ್ ಮಾಡಿದ್ದು ದೊಡ್ಡ ಕೆಲಸ. ಆದರೆ ದೊಡ್ಡ ಕೆಲಸವೇ ಬೇರೆ, ಮೂಲವೇ ಬೇರೆ.

ಮೂಲ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಭಾರತದಲ್ಲಿ ಗ್ರಾಮಫೋನ್ ಕಂಪನಿ ಮೊದಲ ಸಲ ಹಾಡು ಮುದ್ರಿಸಿಕೊಂಡದ್ದು 1902ರಲ್ಲಿ, ಅದೂ ದೂರದ ಕಲ್ಕತ್ತದಲ್ಲಿ. ಅಂದರೆ ಶರೀಫರು ಹೋಗಿ 13 ವರ್ಷದ ಮೇಲೆ. ಅವರ ಕಂಠ ಹೇಗಿತ್ತು, ಮಾಳಿಗಿ ಪದವನ್ನು ಎಳೆದು ಹಾಡಿದರೋ ಜೋರಾಗಿ ಹಾಡಿದರೋ, ಬಲ್ಲವರು ಯಾರು? ಯಾರೂ ಇಲ್ಲ. ಹಾಗಿದ್ದ ಮೇಲೆ ಒರಿಜಿನಲ್ ಟ್ಯೂನ್ ಎಲ್ಲಿಂದ ಬಂತು ಸ್ವಾಮಿ?

ಉಳಿದದ್ದು ಪದ. ಧಾಟಿಗಳು ಊರೂರಿನವು. ನಮ್ಮೂರಿನ ಮೇಳದ್ದು ಒಂದು, ಮೋಟೆಬೆನ್ನೂರು ಕಡೆಯದ್ದು ಇನ್ನೊಂದು, ಹೊಳೆದಂಡೆಯ ಊರಿನವರದ್ದು ಮತ್ತೊಂದು. ಶ್ರಾವಣ ಸೋಮವಾರದ ಭಜನಿಯಲ್ಲಿ ಪೇಟಿ, ತಬಲಾ, ತಾಳ ಎಲ್ಲ ಸೇರಿ ಏರುದನಿಯಲ್ಲಿ ಹಾಡುವುದು ಒಂದು ರೀತಿ. ಸತ್ತವರ ಮನೆ ಮುಂದೆ ರಾತ್ರಿಯೆಲ್ಲ ಕೂತು ಹಾಡುವುದು ಬೇರೆಯೇ ರೀತಿ. ಪದ ಅದೇ. ಅಲ್ಲಿ ಪೇಟಿ ಇರಲ್ಲ, ಬರೀ ದಮ್ಮಡಿ ಮತ್ತು ತಾಳ, ದನಿ ಇಳಿದಿರುತ್ತದೆ. ಹೆಣದ ಪಕ್ಕ ಕೂತವರಿಗೆ ಆ ಪದ ಏನು ಹೇಳುತ್ತದೆ ಅನ್ನುವುದನ್ನು ಯಾರೂ ವಿವರಿಸಬೇಕಾಗಿಲ್ಲ.

ಮಾಳಿಗಿ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಜನ ಮಾಳಿಗಿ ಅಂದರೆ ಉಪ್ಪರಿಗೆ ಅಂದುಕೊಂಡಿದ್ದಾರೆ. ನಮ್ಮ ಕಡೆ ಎರಿ ಭೂಮಿಯ ಊರುಗಳಲ್ಲಿ ಮಾಳಿಗಿ ಅಂದರೆ ಮಣ್ಣಿನ ಚಾವಣಿ. ಕಟ್ಟಿಗೆ ತೊಲೆ, ಅದರ ಮೇಲೆ ಜಂತಿ, ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಹತ್ತಿ ಕರಲು ಮಣ್ಣು ಹಾಕಬೇಕು, ಹುಲ್ಲು ಕೀಳಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ಮುಗೀತು, ಹಾಸಿಗೆ ಮೇಲೇ ನೀರು. ಸೋರಿದಲ್ಲೆಲ್ಲ ಕೊಡ, ತಪ್ಪೇಲಿ, ಬೋಗುಣಿ ಇಟ್ಟು ರಾತ್ರಿ ಕಳೆದವರಿಗೆ ಆ ಪದ ತತ್ವ ಆಗುವುದಕ್ಕೆ ಮೊದಲು ಮನೆಯ ಸಂಕಟ. ಮೈಯೆಂಬ ಮನೆಗೆ ಅರಿವಿನ ಮಣ್ಣು ಹಾಕದೆ ಬಿಟ್ಟೆಯಲ್ಲೋ ಅನ್ನುವ ಅರ್ಥ ಆಮೇಲೆ ತಾನಾಗಿಯೇ ಬರುತ್ತದೆ. ಈಗ ನಮ್ಮೂರಲ್ಲೂ ಆರ್‌ಸಿಸಿ ಮನೆಗಳೇ. ಮಕ್ಕಳಿಗೆ ಮಾಳಿಗಿ ಏರುವುದಿರಲಿ, ಕರಲು ಮಣ್ಣು ಅನ್ನುವ ಮಾತೇ ಗೊತ್ತಿಲ್ಲ. ಅವರಿಗೆ ಆ ಪದ ಮುಟ್ಟಬೇಕಾದರೆ ಬೇರೆ ದಾರಿಯೇ ಬೇಕಾಗಬಹುದು. ಗಿಟಾರ್ ಆ ದಾರಿಯಾದರೆ ಆಗಲಿ ಬಿಡಿ.

"ಕುಣಿದು ಹಾಡೋ ಪದ ಅಲ್ಲ ಅದು, ಭಕ್ತಿಯ ಪದ" ಅಂತ ಇನ್ನೊಂದು ಆಕ್ಷೇಪ. ರಘು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ತುಂಬ ಕುಣಿಯುತ್ತಾರಂತೆ, ಅದು ಅಗೌರವವಂತೆ. ಅಲ್ರೀ, ಶರೀಫರು ಮೊಹರಂ ಹಬ್ಬಕ್ಕೆ ರಿವಾಯತ್ ಪದ ಕಟ್ಟಿದವರು. ರಿವಾಯತ್ ಹಾಡುವ ಮೇಳದವರು ಏನು ಚಕ್ಕಳಮಕ್ಕಳ ಹಾಕಿ ಕೂತಿರ್ತಾರಾ? ಕಾಲಿಗೆ ಗೆಜ್ಜೆ ಕಟ್ಟಿ ಹೆಜ್ಜೆ ಹಾಕ್ತಾರೆ. ಹುಬ್ಬಳ್ಳಿಯಲ್ಲಿ ಗಿರಣಿ ಬಂದರೆ ಆ ಗಿರಣಿಯ ಮೇಲೇ ಪದ ಕಟ್ಟಿದ ಅಜ್ಜ ಅವರು. ಆ ಕಾಲಕ್ಕೆ ಗಿರಣಿ ಅಂದರೆ ಎಲ್ಲಕ್ಕಿಂತ ಹೊಸ ಯಂತ್ರ. ಹುಕ್ಕಾ, ಗಿರಣಿ, ಕೋಳಿ, ಮಾಳಿಗಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಂಡು ತತ್ವ ಮಾಡಿದವನಿಗೆ ಒಂದು ಗಿಟಾರ್ ಕಂಡರೆ ಭಯ ಆಗುತ್ತಿತ್ತು ಅಂತೀರಾ? ಅದರ ತಂತಿಯ ಮೇಲೂ ಒಂದು ಪದ ಕಟ್ಟಿರುತ್ತಿದ್ದ :)

ಹಾಗಂತ ಆಲ್ಬಮ್ಮಿನಲ್ಲಿ ಎಲ್ಲವೂ ಸರಿ ಅಂತಲ್ಲ. ಗುಡುಗುಡಿ ಪದ ಕೇಳುವವರಲ್ಲಿ ಎಷ್ಟೋ ಹುಡುಗರು ಅದನ್ನು ಸೇದುವ ಹಾಡು ಅಂತಲೇ ತಿಳಿದು ಕೂಗುತ್ತಾರೆ. ಒಳಗಿನ ಕೆಟ್ಟದ್ದನ್ನು ಸುಟ್ಟುಬಿಡು ಅನ್ನುವ ಮಾತು ಡ್ರಮ್ಮಿನ ಸದ್ದಿನಲ್ಲಿ ಅವರಿಗೆ ಕೇಳಿಸುವುದೇ ಇಲ್ಲ. ಮಾಳಿಗಿ ಪದದಲ್ಲಿ ವಾದ್ಯಗಳ ಭಾರ ಮಾತಿಗಿಂತ ಒಂದು ತೂಕ ಹೆಚ್ಚಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಇವು ಆಡಬೇಕಾದ ಮಾತುಗಳು. ಮಾತು ಮುಟ್ಟಿತೋ ಇಲ್ಲವೋ ಅಂತ ಕೇಳಿ. ಕ್ಯಾಸೆಟ್ಟಿನ ಹಾಗೆ ಇದೆಯೋ ಇಲ್ಲವೋ ಅಂತ ಕೇಳಬೇಡಿ. ಮೊದಲನೆಯದು ವಿಮರ್ಶೆ, ಎರಡನೆಯದು ಬರೀ ರೂಢಿ.

ಈಗ ಇನ್ನೊಂದು ಗುಂಪಿಗೆ ಬರುತ್ತೇನೆ, ಇವರೂ ಕಡಿಮೆಯವರಲ್ಲ. 2010ರಲ್ಲಿ ರಘು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಬಂತು, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು. ಸಂತೋಷ, ದೊಡ್ಡ ಸಾಧನೆ. ಮುಂದೆ 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲೂ ಶರೀಫರ ಪದವನ್ನು ಬಿಡಲಿಲ್ಲ, ಅದಕ್ಕೆ ಇನ್ನೂ ಸಂತೋಷ. ಆದರೆ ಅದನ್ನು ಹಿಡಿದುಕೊಂಡು "ಶರೀಫರಿಗೆ ಮರುಜೀವ ಕೊಟ್ಟರು" ಅಂತ ಬರೆದರಲ್ಲ, ಅದಕ್ಕೆ ನನ್ನ ತಕರಾರು. ಮರುಜೀವ ಯಾರಿಗೆ? ಸತ್ತವರಿಗೆ. ನಮ್ಮೂರಿನ ಭಜನಿಯಲ್ಲಿ, ಸತ್ತವರ ಮನೆ ಅಂಗಳದಲ್ಲಿ, ಮೊಹರಂ ಬಯಲಿನಲ್ಲಿ ಆ ಪದ ಒಂದು ದಿನವೂ ಸತ್ತಿರಲಿಲ್ಲ. ಇಂಗ್ಲಿಷ್ ಪತ್ರಿಕೆ ಓದುವವರಿಗೆ ಕೇಳಿಸಿದ್ದು ಆವತ್ತು, ಅಷ್ಟೇ. ಲಂಡನ್ನಿನವರು ಕುಣಿದರೆ ಹಾಡು ಚೆನ್ನಾಗಿದೆ ಅಂತ ಅರ್ಥ, ಶರೀಫರು ಅರ್ಥವಾದರು ಅಂತಲ್ಲ. ಪುಣೆಯ ನನ್ನ ಗೆಳೆಯ ಹಾವೇರಿಯಲ್ಲಿ ಮೂರು ವರ್ಷ ಓದಿದವನು, ಒಂದು ದಿನವೂ ಶಿಶುನಾಳದ ಗದ್ದುಗೆ ನೋಡಿಲ್ಲ. ಲಂಡನ್ನಿನ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತು.

ಸರಿ, ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡಿದ್ದೆ.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಊರಿನ ಶಾಲೆಯಲ್ಲಿ ಮಕ್ಕಳ ತತ್ವಪದ ಸ್ಪರ್ಧೆ ಇತ್ತು. ಯಾವ ಶಾಲೆ ಅಂತ ಬೇಡ. ನಮ್ಮೂರಿನ ಹುಡುಗನೊಬ್ಬ ಹೆಸರು ಕೊಟ್ಟಿದ್ದ. ಭಜನಿ ಮೇಳದ ಮನೆಯವನು, ತನ್ನಜ್ಜ ಹಾಡುವುದನ್ನು ಕೇಳಿ ಕೇಳಿ ಕಲಿತವನು. ಮಾಳಿಗಿ ಪದವನ್ನು ಅಜ್ಜನ ಧಾಟಿಯಲ್ಲೇ ಹಾಡಿದ. ಕೈಯಲ್ಲಿ ದಮ್ಮಡಿ, ಬೇರೇನೂ ಇಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಫಲಿತಾಂಶ ಹೇಳುವಾಗ ತೀರ್ಪುಗಾರರು ಮೈಕ್ ಹಿಡಿದು ಏನಂದರು ಗೊತ್ತಾ? "ಕಂಠ ಚೆನ್ನಾಗಿದೆ. ಆದರೆ ಧಾಟಿ ತಪ್ಪಾಗಿದೆ. ಸರಿಯಾದ ಧಾಟಿ ಕೇಳಿಕೊಂಡು ಅಭ್ಯಾಸ ಮಾಡಬೇಕು."

ಸರಿಯಾದ ಧಾಟಿ! ಶರೀಫರ ಜಿಲ್ಲೆಯಲ್ಲಿ, ನಾಲ್ಕು ತಲೆಮಾರಿನಿಂದ ಆ ಪದ ಹಾಡಿದ ಮನೆಯ ಹುಡುಗನಿಗೆ ಹೇಳಿದ ಮಾತು ಇದು. ಬಹುಮಾನ ಹೋಗಿದ್ದು ಕ್ಯಾಸೆಟ್ಟಿನ ಹಾಗೆ, ಉಸಿರು ತೆಗೆದುಕೊಳ್ಳುವ ಜಾಗವೂ ತಪ್ಪದ ಹಾಗೆ ಹಾಡಿದ ಹುಡುಗನಿಗೆ. ಆ ಹುಡುಗನ ತಪ್ಪೇನಿಲ್ಲ, ಚೆನ್ನಾಗಿಯೇ ಹಾಡಿದ. ಆದರೆ ನಮ್ಮ ಹುಡುಗ ಮುಂದಿನ ವರ್ಷ ಏನು ಮಾಡಿದ? ಮೊಬೈಲಿನಲ್ಲಿ ಅಶ್ವಥ್ ಹಾಡು ಹಾಕಿಕೊಂಡು ಕಲಿತ. ಅಜ್ಜ ಒಂದು ಮಾತೂ ಆಡಲಿಲ್ಲ. "ಹಂಗs ಹಾಡಿದ್ರ ನಂಬರ್ ಕೊಡ್ತಾರಂತ, ಹಾಡ್ಲಿ ಬಿಡ್ರಿ" ಅಂದ, ಅಷ್ಟೇ. ಆ ಅಜ್ಜ ಈಗಿಲ್ಲ. ಆ ಧಾಟಿಯೂ ಇಲ್ಲ. ಯಾರೂ ರೆಕಾರ್ಡ್ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ. ಅವತ್ತು ನನ್ನ ಜೇಬಿನಲ್ಲೇ ಮೊಬೈಲ್ ಇತ್ತು.

ಈಗ ಹೇಳಿ, ಶರೀಫರನ್ನು ಕೆಡಿಸಿದವರು ಯಾರು? ಹೊಸದೊಂದು ಧಾಟಿ ಕಟ್ಟಿ, ಹಳೆಯವನ್ನು ಅವುಗಳ ಪಾಡಿಗೆ ಬಿಟ್ಟ ರಘು ದೀಕ್ಷಿತಾ? ಅಥವಾ ಒಂದೇ ಧಾಟಿಯನ್ನು ದೇವರು ಮಾಡಿ ಉಳಿದೆಲ್ಲವನ್ನು ತಪ್ಪು ಅಂದ ನಾವಾ? ರಘು ಅವರ ಆಲ್ಬಂ ನಮ್ಮೂರಿನ ಒಂದು ಮೇಳವನ್ನೂ ಬಾಯಿ ಮುಚ್ಚಿಸಲಿಲ್ಲ. ನಮ್ಮ ತೀರ್ಪುಗಾರರು ಮುಚ್ಚಿಸಿದರು. ಇದಕ್ಕೆ ಅಶ್ವಥ್ ಕೂಡ ಹೊಣೆಯಲ್ಲ. ಅವರು ಬದುಕಿನುದ್ದಕ್ಕೂ ಮಾಡಿದ್ದೇ ಇದ್ದ ಪದಕ್ಕೆ ಹೊಸ ಧಾಟಿ ಹುಡುಕುವ ಕೆಲಸ. 2009ರ ಡಿಸೆಂಬರ್ 29ರಂದು, ತಾವು ಹುಟ್ಟಿದ ದಿನವೇ ತೀರಿಕೊಂಡರು. ಇನ್ನೊಬ್ಬ ಹೊಸದಾಗಿ ಹಾಡಿದ್ದಕ್ಕೆ ಅವರ ಹೆಸರನ್ನೇ ಬಡಿಗೆ ಮಾಡಿಕೊಂಡು ಹೊಡೆಯುವುದು ಅವರಿಗೆ ಮಾಡುವ ಗೌರವ ಅಲ್ಲ.

"ಹಾಗಾದರೆ ಯಾರು ಹೆಂಗ ಬೇಕಾದ್ರೂ ಹಾಡಬಹುದಾ?" ಅಂತ ಕೇಳುವವರು ಇದ್ದೇ ಇರ್ತಾರೆ. ಹೌದ್ರೀ, ಹಾಡಬಹುದು. ಕಾನೂನಿನ ಪ್ರಕಾರವೂ ಶರೀಫರ ಪದಗಳಿಗೆ ಈಗ ಮಾಲೀಕರಿಲ್ಲ. ಮಾಲೀಕರಿರುವುದು ಹೊಸದಾಗಿ ಕಟ್ಟಿದ ಸಂಗೀತಕ್ಕೆ, ರೆಕಾರ್ಡಿಂಗಿಗೆ. ಕೆಟ್ಟದಾಗಿ ಹಾಡಿದರೆ ಜನ ಮರೀತಾರೆ. ನಮ್ಮ ಕಾಗಿನೆಲೆಯ ಕನಕದಾಸರ ಪದಗಳನ್ನೇ ನೋಡಿ. ಕರ್ನಾಟಕ ಸಂಗೀತದವರು, ಹಿಂದೂಸ್ತಾನಿಯವರು, ಭಜನೆಯವರು ಎಲ್ಲರೂ ತಮ್ಮ ತಮ್ಮ ರಾಗದಲ್ಲಿ ಹಾಡ್ತಾರೆ. ಕನಕದಾಸರಿಗೆ ಏನಾದರೂ ಕಡಿಮೆ ಆಯ್ತಾ? ಶರೀಫರಿಗೆ ಮಾತ್ರ ಯಾಕೆ ಒಂದೇ ಕ್ಯಾಸೆಟ್ಟಿನ ಬೇಲಿ?

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ದೊಡ್ಡರಂಗೇಗೌಡರು. ಅವರ 'ಮಾವು ಬೇವು' ಹಾಡುಗಳಿಗೆ ಸಂಗೀತ ಕೊಟ್ಟವರು ಇದೇ ಅಶ್ವಥ್, ಹಾಡಿದವರು ಎಸ್‌ಪಿಬಿ. ಆ ಮೂರು ದಿನ ಹಾವೇರಿಯಲ್ಲಿ ಶರೀಫ, ಕನಕ, ಸರ್ವಜ್ಞರ ಹೆಸರು ಹೇಳದ ಭಾಷಣವನ್ನು ನಾನಂತೂ ಕೇಳಲಿಲ್ಲ. ಹೆಸರು ಹೇಳುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ ಬಿಡಿ. ಊರೂರಿನ ಅಜ್ಜಂದಿರ ಧಾಟಿ ಉಳಿಸುವ ಕೆಲಸ ಯಾರದ್ದು ಅಂತ ಕೇಳಿದರೆ ಮಾತ್ರ ಎಲ್ಲರೂ ಪಕ್ಕದವರ ಮುಖ ನೋಡುತ್ತೇವೆ.

ಅದಕ್ಕೇ ಬ್ಲಾಗ್ ಮಿತ್ರರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ಭಜನಿ ಮೇಳ ಇದ್ದರೆ ಮುಂದಿನ ಸಲ ಹೋದಾಗ ಮೊಬೈಲ್ ತೆಗೆದು ಒಂದೇ ಒಂದು ಪದ ರೆಕಾರ್ಡ್ ಮಾಡಿ. ವಿಡಿಯೋ ಚೆಂದ ಬರಬೇಕು ಅಂತೇನಿಲ್ಲ, ದನಿ ಕೇಳಿಸಿದರೆ ಸಾಕು. ಊರಿನ ಹೆಸರು, ಯಾವ ಪದ, ಯಾವಾಗ ಹಾಡುತ್ತಾರೆ, ಯಾರಿಂದ ಕಲಿತರು, ಇಷ್ಟು ಬರೆದಿಡಿ. ಹಾಡಿದವರನ್ನು ಕೇಳಿ, ಅವರು ಒಪ್ಪಿದರೆ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಹಾಕಿ. ಸ್ಪರ್ಧೆಗೆ ತೀರ್ಪುಗಾರರಾಗಿ ಹೋಗುವ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ, ಕೈ ಮುಗಿದು ಕೇಳುತ್ತೇನೆ. 'ಧಾಟಿ ತಪ್ಪು' ಅನ್ನುವ ಮೊದಲು ಆ ಹುಡುಗನನ್ನು ಕೇಳಿ, "ಯಾರಿಂದ ಕಲತೀಪಾ?" ಅಂತ.

ನಾನು ಕಳೆದ ವಾರ ನಮ್ಮೂರಿಗೆ ಹೋಗಿದ್ದೆ. ಮೇಳದಲ್ಲಿ ಹಳಬರು ಇನ್ನು ಇಬ್ಬರೇ ಉಳಿದಿದ್ದಾರೆ. ಒಬ್ಬರಿಗೆ ದಮ್ಮು. ಎರಡು ಪದ ಹಾಡಿದರು, ಮೂರನೆಯದಕ್ಕೆ ಉಸಿರು ಸಾಲಲಿಲ್ಲ. ಎರಡು ಸಿಕ್ಕಿವೆ. ಉಳಿದದ್ದಕ್ಕೆ ಅಮಾವಾಸ್ಯೆಗೆ ಮತ್ತೆ ಹೋಗುತ್ತೇನೆ.

ಬೈಯುವವರು ಬೈಯಿರಿ. ಬೈಯುವ ಮೊದಲು ನಿಮ್ಮೂರಿನ ಧಾಟಿ ಯಾವುದು ಅಂತ ಹೇಳಿ ಬೈಯಿರಿ :)